ಕಿವಿನೋವು, ಆದರೆ ಕಿವಿ ಚೆನ್ನಾಗಿದೆಯಂತೆ. ದವಡೆಯಿಂದ ಹೀಗಾಗುತ್ತಾ?

ಪ್ರಶ್ನೆ:
ಎಡಗಿವಿಯಲ್ಲಿ ಸದಾ ಮಂದ ನೋವು, ಕಟ್ಟಿಕೊಂಡ ಹಾಗೆ. ರಾತ್ರಿ ಮಲಗಿದರೆ ಗುಂಯ್ ಅಂತ ಶಬ್ದ. ಇಎನ್‌ಟಿ ಡಾಕ್ಟರು ನೋಡಿ ತಮಟೆ ಸರಿಯಾಗಿದೆ, ಸೋಂಕಿಲ್ಲ, ಶ್ರವಣ ಪರೀಕ್ಷೆಯೂ ನಾರ್ಮಲ್ ಅಂದರು. ಆಕಳಿಸಿದರೆ ಅದೇ ಕಡೆಯ ದವಡೆ ಕಟಕ್ ಅನ್ನುತ್ತೆ. ನಿದ್ದೆಯಲ್ಲಿ ಹಲ್ಲು ಕಡೀತೀನಿ ಅಂತ ಮನೆಯಲ್ಲಿ ಹೇಳ್ತಾರೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ 1:
ಇರಬಹುದು. ನಾನು ದಂತವೈದ್ಯೆ, ಹೆಚ್ಚಾಗಿ ದವಡೆ ಕೀಲಿನ ತೊಂದರೆಯವರನ್ನೇ ನೋಡುತ್ತೇನೆ. ಕಿವಿಗೆ ಹನಿ ಹಾಕಿ ಹಾಕಿ ಬೇಸತ್ತು ಬರುವವರು ಬಹಳ.

ದವಡೆ ಕೀಲು ಇರುವುದು ಕಿವಿನಾಳದ ಮುಂಭಾಗಕ್ಕೆ ಅಂಟಿದಂತೆ. ಕೀಲಿಗೂ ಕಿವಿಯ ಮುಂಭಾಗಕ್ಕೂ ಸಂವೇದನೆ ಒಯ್ಯುವುದು ಒಂದೇ ನರದ ಕವಲು. ಅಗಿಯುವ ಸ್ನಾಯುಗಳಿಗೆ ಹೋಗುವ ಆ ನರವೇ ತಮಟೆಯನ್ನು ಬಿಗಿಗೊಳಿಸುವ ಪುಟ್ಟ ಸ್ನಾಯುವಿಗೂ, ಗಂಟಲಿಂದ ಕಿವಿಗೆ ಗಾಳಿ ಹೋಗುವ ಕೊಳವೆ ತೆರೆಯುವ ಸ್ನಾಯುವಿಗೂ ಹೋಗುತ್ತದೆ. ಹಾಗಾಗಿ ನೋವು ಹುಟ್ಟುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ.

ಕನ್ನಡಿ ಮುಂದೆ ಕೂತು, ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನಿಧಾನ ಬಾಯಿ ತೆರೆಯಿರಿ. ಬೆರಳಡಿ ಗುಂಡು ಜಾರಿದಂತೆ ಆಗುತ್ತದಲ್ಲ, ಅದೇ ಕೀಲು. ಗದ್ದ ಒಂದು ಪಕ್ಕಕ್ಕೆ ಸೊಟ್ಟಗೆ ಸರಿಯುತ್ತಿದೆಯಾ ನೋಡಿ. ಆಮೇಲೆ ಹಲ್ಲು ಕಚ್ಚಿ, ಕೆನ್ನೆಯಲ್ಲಿ ಉಬ್ಬುವ ಸ್ನಾಯು ಒತ್ತಿ. ನಿಮ್ಮ ಕಿವಿನೋವೇ ಮರುಕಳಿಸಿದರೆ, ಅಥವಾ ಕಚ್ಚಿದಾಗ ಗುಂಯ್ ಶಬ್ದ ಏರಿಳಿದರೆ, ದವಡೆಯ ಮೇಲೆ ಅನುಮಾನ ಗಟ್ಟಿ. ನೋವಿಲ್ಲದ ಕಟಕ್ ಶಬ್ದ ಒಂದೇ ಇದ್ದರೆ ಚಿಂತೆ ಬೇಡ, ಎಷ್ಟೋ ಜನಕ್ಕೆ ಇರುತ್ತದೆ.

ಇನ್ನೊಬ್ಬರು:
ಮೇಡಂ, ದಂತವೈದ್ಯರ ಬಳಿ ಹಲ್ಲು ಅರೆದು ಸವೆಸಿ, ಕಚ್ಚುವಿಕೆ (ಮೇಲಿನ-ಕೆಳಗಿನ ಹಲ್ಲು ಕೂಡುವ ರೀತಿ) ಸರಿಮಾಡಿಸಿದರೆ ಕಿವಿ ವಾಸಿಯಾಗುತ್ತೆ ಅಂತ ಒಬ್ಬರು ಹೇಳಿದರು. ನಿಜವೇ?

ಉತ್ತರ 1:
ದಯವಿಟ್ಟು ಆತುರ ಬೇಡ! ಸವೆಸಿದ ಹಲ್ಲು ಮತ್ತೆ ಬೆಳೆಯದು. 1934ರಲ್ಲಿ ಅಮೆರಿಕದ ಕಿವಿ-ಗಂಟಲು ತಜ್ಞ ಜೇಮ್ಸ್ ಕಾಸ್ಟನ್ ಈ ಲಕ್ಷಣಗಳ ಗುಂಪನ್ನು ವಿವರಿಸಿದಾಗ, ಹಿಂದಿನ ಹಲ್ಲು ಹೋಗಿ ದವಡೆ ಹಿಂದೆ ಸರಿದು ನರಗಳನ್ನು ಅದುಮುತ್ತದೆ ಎಂದಿದ್ದರು. ಆ ವಿವರಣೆಯನ್ನು ಅಂಗರಚನಾ ತಜ್ಞರು ಮುಂದೆ ಒಪ್ಪಲಿಲ್ಲ. ಕಚ್ಚುವಿಕೆಯೇ ಎಲ್ಲಕ್ಕೂ ಮೂಲ ಅನ್ನುವ ನಂಬಿಕೆ ಮಾತ್ರ ಇನ್ನೂ ಹೋಗಿಲ್ಲ.

ಮೊದಲು ಮೆತ್ತಗಿನ ಊಟ, ಕೆನ್ನೆಗೆ ಬಿಸಿ ಶಾಖ, ಆಕಳಿಸುವಾಗ ಗದ್ದಕ್ಕೆ ಕೈ ಆಸರೆ. ಹಗಲಲ್ಲಿ ತುಟಿ ಮುಚ್ಚಿರಲಿ, ಹಲ್ಲು ಹಲ್ಲಿಗೆ ತಾಗದಿರಲಿ. ಕೆಲಸದ ನಡುವೆ ಆಗಾಗ ಗಮನಿಸಿಕೊಳ್ಳಿ, ಇದು ಕೇಳಲು ಚಿಕ್ಕದು, ಗುಣ ದೊಡ್ಡದು. ರಾತ್ರಿ ಕಡಿಯುವವರಿಗೆ ಅಳತೆ ಕೊಟ್ಟು ಮಾಡಿಸಿದ ನೈಟ್ ಗಾರ್ಡ್ (ಮಲಗುವಾಗ ಹಲ್ಲಿನ ಮೇಲೆ ಹಾಕುವ ಕವಚ) ಹಲ್ಲು ಸವೆಯದಂತೆ ಕಾಯುತ್ತದೆ. ಫಿಸಿಯೋಥೆರಪಿಯೂ ಹಲವರಿಗೆ ಹಿಡಿಸುತ್ತದೆ. ನೋವು, ಬಿಗಿತ ಮೊದಲು ಇಳಿಯುತ್ತವೆ. ಗುಂಯ್ ಶಬ್ದ ಪೂರ್ತಿ ಹೋಗುತ್ತದೆಂದು ಯಾರಿಗೂ ಮಾತು ಕೊಡಲಾರೆ.

ಪ್ರಶ್ನೆ ಕೇಳಿದವರು:
ಒತ್ತಿ ನೋಡಿದೆ. ಕೆನ್ನೆ ಒತ್ತಿದರೆ ಕಿವಿ ಒಳಗೇ ಚುಚ್ಚುತ್ತೆ! ಈ ವಾರವೇ ತೋರಿಸ್ತೀನಿ.

ಉತ್ತರ 1:
ತೋರಿಸಿ. ಆದರೆ ದಿಢೀರನೆ ಕಿವುಡು ಬಂದರೆ ಅಂದೇ ಇಎನ್‌ಟಿಗೆ ಓಡಿ, ಅದರಲ್ಲಿ ತಡ ಸಲ್ಲದು. ಕಿವಿ ಸೋರುವುದು, ನಾಡಿಬಡಿತದ ತಾಳಕ್ಕೆ ಶಬ್ದ, ಮುಖ ವಾಲುವುದು, ಇವೂ ದವಡೆಯ ಲೆಕ್ಕಕ್ಕೆ ಬರುವುದಿಲ್ಲ. ನುಂಗಲು ಕಷ್ಟ, ಧ್ವನಿ ಬದಲಾವಣೆ ಜೊತೆಗಿದ್ದರೆ ಗಂಟಲನ್ನೂ ಪರೀಕ್ಷಿಸಲೇಬೇಕು.