ಪದಚರ್ಚೆ: ಅಡಾಪ್ಟರನ್ನು ಲಿನಕ್ಸ್ ‘ಗುರುತಿಸಿಲ್ಲ’ವೋ, ಅದು ‘ಪತ್ತೆಯಾಗಿಲ್ಲ’ವೋ?

ಪ್ರಶ್ನೆ:
ಮಾನ್ಯರೇ, ನಮ್ಮ ಡಿಪ್ಲೊಮಾ ಕಾಲೇಜಿನ ಪ್ರಯೋಗಾಲಯದ ಗೋಡೆಗೆ ಅಂಟಿಸುವ ಸೂಚನಾಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಮುದ್ರಣಕ್ಕೆ ಹೋಗಬೇಕು. ಯುಎಸ್‌ಬಿ ಸೀರಿಯಲ್ ಅಡಾಪ್ಟರನ್ನು (ಸೀರಿಯಲ್ ಸಾಧನಗಳನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಜೋಡಿಸುವ ಉಪಕರಣ) ಚುಚ್ಚಿದರೂ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯು ಅದನ್ನು ‘ರೆಕಗ್ನೈಸ್’ ಮಾಡದಿರುವುದಕ್ಕೆ ‘ಸಾಧನವನ್ನು ಗುರುತಿಸಲಾಗಿಲ್ಲ’ ಎಂದು ಬರೆದಿದ್ದೇನೆ. ಸಹೋದ್ಯೋಗಿಯೊಬ್ಬರು ‘ಪತ್ತೆಯಾಗಿಲ್ಲ’ ಎಂದಾಗಬೇಕು ಎನ್ನುತ್ತಾರೆ. ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ 1:
‘ಪತ್ತೆ’ ಬೇಡವೇ ಬೇಡ. ಅದು ಮರಾಠಿಯ ‘ಪತ್ತಾ’ದ ಬಳಗದ್ದು, ಪೊಲೀಸರಿಗೂ ಪತ್ತೇದಾರಿ ಕಾದಂಬರಿಗಳಿಗೂ ಇರಲಿ. ‘ಗುರುತು’ ಅಚ್ಚ ದ್ರಾವಿಡ: ಗುರಿ, ಕುರುಹು, ತಮಿಳಿನ ‘ಕುಱಿ’ ಇವೆಲ್ಲ ಅದರ ಒಡಹುಟ್ಟುಗಳು. ಆದರೆ ‘ಗುರುತಿಸಲಾಗಿಲ್ಲ’ ಎಂಬ ಕರ್ಮಣಿಯು ಕನ್ನಡದ ಜಾಯಮಾನಕ್ಕೆ ಒಗ್ಗದು. ‘ಗುರುತು ಸಿಕ್ಕಿಲ್ಲ’ ಎನ್ನಿ. ಜೊತೆಗೆ ‘ಸೀರಿಯಲ್ ಅಡಾಪ್ಟರ್’ ಎಂಬುದನ್ನೂ ಬಿಟ್ಟು ‘ಸಾಲುಹೊಂದಿಕ’ ಎಂದು ಬಳಸಿದರೆ ಹುಡುಗರಿಗೆ ನಾಲ್ಕು ಕನ್ನಡ ಪದಗಳಾದರೂ ಬಂದಾವು.

ಉತ್ತರ 2:
‘ಸಾಲುಹೊಂದಿಕ’ ಬೇಕೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೆಲ್ಲ ಸುತ್ತಿದರೂ ಅದು ಯಾರಿಗೂ ಸಿಗಲಾರದು. ವ್ಯುತ್ಪತ್ತಿ ಇಲ್ಲಿ ಅಪ್ರಸ್ತುತ. ಇಂಗ್ಲಿಷಿನ ಆ ಒಂದೇ ಕ್ರಿಯಾಪದ ಬೇರೆ ಬೇರೆ ತೊಂದರೆಗಳನ್ನು ಒಟ್ಟಿಗೆ ಮುಚ್ಚಿಡುತ್ತದೆ. ಅದನ್ನು ಹಾಗೆಯೇ ಇಳಿಸಿದರೆ ನಿಮ್ಮ ಪತ್ರವೂ ಮುಚ್ಚಿಡುತ್ತದೆ.

ಜೋಡಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಟ್ಟಾಗ ಪಟ್ಟಿಯಲ್ಲಿ ಅಡಾಪ್ಟರಿನ ಸಾಲೇ ಬಾರದಿದ್ದರೆ ಅದು ‘ಕಾಣಿಸುತ್ತಿಲ್ಲ’. ಆಗ ಕೇಬಲನ್ನು ಬದಲಿಸಿ ನೋಡಬೇಕು, ಏಕೆಂದರೆ ಚಾರ್ಜಿಗಷ್ಟೇ ಇರುವ ಕೇಬಲಿನಲ್ಲಿ ದತ್ತಾಂಶದ ತಂತಿಗಳೇ ಇರುವುದಿಲ್ಲ. ಪಟ್ಟಿಯಲ್ಲಿ 1ಎ86:7523 ಎಂಬ ಗುರುತುಸಂಖ್ಯೆ ಬಂದರೆ ಅದು ಆರ್ಡುಯಿನೊ ಎಂಬ ಕಲಿಕೆಯ ಎಲೆಕ್ಟ್ರಾನಿಕ್ಸ್ ಫಲಕದ ಅಗ್ಗದ ನಕಲುಗಳಲ್ಲಿರುವ ಸಿಎಚ್340 ಚಿಪ್; ಅಂದರೆ ಯಂತ್ರಕ್ಕೆ ಗುರುತು ಸಿಕ್ಕಿಯೇ ಇದೆ. ಇಷ್ಟಾದರೂ ಅಡಾಪ್ಟರಿಗೆ ಲಿನಕ್ಸ್ ಕೊಡುವ ಟಿಟಿವೈ-ಯುಎಸ್‌ಬಿ0 ಎಂಬ ಹೆಸರು ಮೂಡದಿದ್ದರೆ, ಈ ಚಿಪ್ಪನ್ನು ನಡೆಸಲು ಕರ್ನಲ್ಲಿನಲ್ಲಿ (ಲಿನಕ್ಸಿನ ತಿರುಳಿನಲ್ಲಿ) ಇರುವ ಸಿಎಚ್341 ಡ್ರೈವರ್ ಲೋಡ್ ಆಗಿದೆಯೇ ಎಂದು ನೋಡಬೇಕು. ಅದಕ್ಕೆ ‘ಡ್ರೈವರ್ ಹತ್ತಿಲ್ಲ’ ಎಂದರೆ ಸಾಕು.

ಲಿನಕ್ಸಿನ ಒಂದು ಬಗೆಯಾದ ಉಬುಂಟು 22.04ರಲ್ಲಿ ಇನ್ನೊಂದು ವಿಚಿತ್ರವಿದೆ. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ‘ಡಿಮೆಸ್ಗ್’ ದಾಖಲೆಯಲ್ಲಿ ಅಡಾಪ್ಟರ್ ಟಿಟಿವೈ-ಯುಎಸ್‌ಬಿ0ಗೆ ಸೇರಿತೆಂಬ ಸಾಲು ಬರುತ್ತದೆ, ಅದರ ಬೆನ್ನಿಗೇ ಸಂಪರ್ಕ ಕಡಿಯಿತೆಂಬ ಸಾಲೂ ಬರುತ್ತದೆ. ಅಂಧರು ಬೆರಳಿನಿಂದ ಓದುವ ಬ್ರೈಲ್ ಫಲಕಗಳನ್ನು ನಡೆಸುವ ‘ಬಿಆರ್‌ಎಲ್‌ಟಿಟಿವೈ’ ತಂತ್ರಾಂಶವು, ಇದೇ ಸಂಖ್ಯೆಯ ಚಿಪ್ಪಿರುವ ಫಲಕವೆಂದು ಭಾವಿಸಿ ಅಡಾಪ್ಟರನ್ನು ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ. ಇದನ್ನು ‘ಗುರುತಿಸಲಾಗಿಲ್ಲ’ ಎಂದರೆ ಶುದ್ಧ ತಪ್ಪು. ಅತಿಯಾಗಿ, ಅದೂ ತಪ್ಪಾಗಿ ಗುರುತಿಸಲಾಗಿದೆ. ಬ್ರೈಲ್ ಫಲಕ ಬಳಸುವವರಿಲ್ಲದ ಯಂತ್ರದಲ್ಲಿ ಆ ತಂತ್ರಾಂಶವನ್ನು ತೆಗೆದುಹಾಕಬಹುದು; ಬಳಸುವ ವಿದ್ಯಾರ್ಥಿಯಿದ್ದರೆ ಅದರ ಯುಡೆವ್ ನಿಯಮಗಳಲ್ಲಿ (ಸಾಧನ ಸೇರಿದಾಗ ಏನು ಮಾಡಬೇಕೆಂದು ಹೇಳುವ ಸಾಲುಗಳಲ್ಲಿ) ಈ ಸಂಖ್ಯೆಯ ಸಾಲನ್ನು ಮಾತ್ರ ನಿಷ್ಕ್ರಿಯಗೊಳಿಸಬೇಕು.

ಇನ್ನು ‘ಪರ್ಮಿಶನ್ ಡಿನೈಡ್’ ಎಂದು ಬಂದರೆ, ಅದು ‘ಅನುಮತಿ ಇಲ್ಲ’. ಡೆಬಿಯನ್ (ಲಿನಕ್ಸಿನ ಇನ್ನೊಂದು ಬಗೆ), ಉಬುಂಟುಗಳಲ್ಲಿ ಬಳಕೆದಾರರನ್ನು ಸೀರಿಯಲ್ ಸಾಧನ ಬಳಸುವ ಹಕ್ಕಿರುವ ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಮಾಡಿಸಿ, ಮತ್ತೆ ಒಳಬರಲು ಹೇಳಬೇಕು.

ಉತ್ತರ 1ರವರಿಂದ:
ತಾಂತ್ರಿಕ ಪಾಠವನ್ನು ಯಾರೂ ಕೇಳಿರಲಿಲ್ಲ. ‘ಡ್ರೈವರ್’ ಏಕೆ? ‘ಚಾಲಕ’ ಇಲ್ಲವೇ?

ಉತ್ತರ 2ರವರಿಂದ:
ಇದೆ. ಆದರೆ ‘ಚಾಲಕ’ವೂ ಸಂಸ್ಕೃತದಿಂದ ಎರವಲು ತಂದದ್ದೇ. ಮರಾಠಿಯ ಎರವಲು ಮೈಲಿಗೆ, ಸಂಸ್ಕೃತದ್ದು ಮಡಿ ಎನ್ನುವ ಲೆಕ್ಕ ನನಗೆ ತಿಳಿಯದು. ಹುಡುಗರು ಪರದೆಯ ಮೇಲೆ ಓದುವುದೂ ಅಂತರಜಾಲದಲ್ಲಿ ಹುಡುಕುವುದೂ ‘ಡ್ರೈವರ್’ ಎಂದೇ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ವಂದನೆಗಳು. ಶೀರ್ಷಿಕೆಯನ್ನು ‘ಅಡಾಪ್ಟರ್ ಕೆಲಸ ಮಾಡುತ್ತಿಲ್ಲವೇ?’ ಎಂದು ಬದಲಿಸಿದ್ದೇನೆ. ಕೆಳಗೆ ‘ಪಟ್ಟಿಯಲ್ಲಿ ಕಾಣಿಸುತ್ತಿಲ್ಲ’, ‘ಡ್ರೈವರ್ ಹತ್ತಿಲ್ಲ’, ‘ಬೇರೆ ತಂತ್ರಾಂಶದ ವಶದಲ್ಲಿದೆ’, ‘ಅನುಮತಿ ಇಲ್ಲ’ ಎಂಬ ಉಪಶೀರ್ಷಿಕೆಗಳಿರುತ್ತವೆ. ‘ಹತ್ತಿಲ್ಲ’ ಎಂಬುದು ಮೈಸೂರು ಕಡೆಯವರಿಗೂ ಸಲೀಸಾಗಿ ಅರ್ಥವಾಗುವುದೇ ಎಂದು ಬಲ್ಲವರು ಇಂದು ರಾತ್ರಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.