ಬ್ರೇಕ್ ಒತ್ತಿದರೂ ಕಾರು ನುಗ್ಗಿತು ಎನ್ನುವವರ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ಎಸ್.ಎಸ್. ಪುರಂ ನಿವಾಸಿ, ತುಮಕೂರು

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ತಿಂಗಳು ತಮ್ಮ ಆಟೋಮ್ಯಾಟಿಕ್ ಪೆಟ್ರೋಲ್ ಕಾರನ್ನು ಗೇಟಿನಿಂದ ಹೊರತೆಗೆಯುತ್ತಿದ್ದಾಗ ಅದು ಏಕಾಏಕಿ ನುಗ್ಗಿ ಎದುರು ಮನೆಯ ಕಾಂಪೌಂಡ್ ಗೋಡೆಯನ್ನು ಕೆಡವಿತು. ಬ್ರೇಕಿನ ಮೇಲೆಯೇ ಕಾಲಿತ್ತು, ಒತ್ತಿದಷ್ಟೂ ಇಂಜಿನ್ ಅಬ್ಬರಿಸಿತು ಎಂದು ಅವರು ಇಂದಿಗೂ ಹೇಳುತ್ತಾರೆ. ಸರ್ವೀಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ ನೋಡಿ ಯಾವ ದೋಷವೂ ದಾಖಲಾಗಿಲ್ಲ ಎಂದು ಕೈತೊಳೆದುಕೊಂಡರು. ಬೀದಿಯವರು ‘ವಯಸ್ಸಾಯಿತು, ಇನ್ನು ಡ್ರೈವರ್ ಇಟ್ಟುಕೊಳ್ಳಲಿ’ ಎಂದು ನಕ್ಕರು. ಇಂಥ ದೂರುಗಳನ್ನು ಜನ ಕೇಳಿದ ಕೂಡಲೇ ತಳ್ಳಿಹಾಕುವುದಕ್ಕೆ ತಾಂತ್ರಿಕ ಆಧಾರವಿದೆಯೇ, ಅಥವಾ ಇದು ಬರೀ ಉಡಾಫೆಯೇ?

ಉತ್ತರ 1: ಅಂತರಸನಹಳ್ಳಿ ಕಡೆಯ ಮೆಕ್ಯಾನಿಕ್

ಆಧಾರವಿದೆ, ಮತ್ತು ಅದು ಮೇಷ್ಟ್ರ ಮಾತಿನಲ್ಲಿಯೇ ಇದೆ. ಒತ್ತಿದಷ್ಟೂ ಇಂಜಿನ್ ಅಬ್ಬರಿಸುವುದು ಆಕ್ಸಿಲರೇಟರಿನ ಲಕ್ಷಣವೇ ಹೊರತು ಬ್ರೇಕಿನದಲ್ಲ. ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬೇರೆಯದೇ ವ್ಯವಸ್ಥೆ. ಇಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ತಾನಾಗಿ ಪೂರ್ತಿ ತೆರೆದುಕೊಂಡ ಅದೇ ಕ್ಷಣದಲ್ಲಿ ಬ್ರೇಕೂ ಕೈಕೊಟ್ಟು, ಗೋಡೆಗೆ ಗುದ್ದಿದ ಮೇಲೆ ಎರಡೂ ಸರಿಹೋಗಿ, ಎರಡರಲ್ಲೂ ಗುರುತು ಉಳಿಯದೆ ಇರುವುದು ಬಹಳ ಅಪರೂಪ. ಆಕ್ಸಿಲರೇಟರ್ ಪೆಡಲಿನಲ್ಲಿ ಎರಡು ಸೆನ್ಸರ್‌ಗಳಿರುತ್ತವೆ; ಅವುಗಳ ಅಳತೆ ಪರಸ್ಪರ ತಾಳೆಯಾಗದಿದ್ದರೆ ಇಂಜಿನ್ ಶಕ್ತಿಯನ್ನು ತಾನೇ ತಗ್ಗಿಸಿಕೊಂಡು ಎಚ್ಚರಿಕೆ ದೀಪ ಹೊತ್ತಿಸುತ್ತದೆ.

ಅಮೆರಿಕದಲ್ಲಿ ಆಡಿ 5000 ಕಾರಿನ ವಿಷಯದಲ್ಲಿ ನಡೆದದ್ದೂ ಇದೇ. 1986ರಲ್ಲಿ ಟೀವಿ ಕಾರ್ಯಕ್ರಮವೊಂದು ಈ ದೂರುಗಳನ್ನು ಪ್ರಸಾರ ಮಾಡಿದ ಮೇಲೆ ಗಲಾಟೆ ಎಷ್ಟು ಬೆಳೆಯಿತೆಂದರೆ, 1985ರಲ್ಲಿ ಅಲ್ಲಿ ಸುಮಾರು 74,000ದಷ್ಟಿದ್ದ ಆಡಿ ಕಾರುಗಳ ವಾರ್ಷಿಕ ಮಾರಾಟ 1991ರ ಹೊತ್ತಿಗೆ ಸುಮಾರು 12,000ಕ್ಕೆ ಕುಸಿಯಿತು. ಸರ್ಕಾರದ ಸುರಕ್ಷತಾ ಸಂಸ್ಥೆ 1989ರಲ್ಲಿ ಕೊಟ್ಟ ವರದಿ ಹೆಚ್ಚಿನ ಪ್ರಕರಣಗಳಿಗೆ ಕಾಲು ತಪ್ಪು ಪೆಡಲಿನ ಮೇಲೆ ಬಿದ್ದದ್ದೇ ಕಾರಣವೆಂದಿತು. ಬ್ರೇಕ್ ತುಳಿಯದೆ ಗೇರನ್ನು ಪಿ (ಪಾರ್ಕಿಂಗ್) ಸ್ಥಾನದಿಂದ ಕದಲಿಸಲಾಗದ ಬೀಗ ಎಲ್ಲೆಡೆ ಬಂದದ್ದರಲ್ಲಿ ಈ ಪ್ರಕರಣದ ಪಾಲು ದೊಡ್ಡದು.

ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ಹಿಂದಕ್ಕೆ ತಿರುಗಿ ನೋಡುವಾಗ ಸೊಂಟ ಹೊರಳಿ ಬಲಗಾಲು ಒಂದಿಷ್ಟು ಸರಿದಿರುತ್ತದೆ. ಕಾರು ನುಗ್ಗಿದೊಡನೆ ಗಾಬರಿಯಾಗಿ, ಬ್ರೇಕ್ ಎಂದುಕೊಂಡೇ ಇನ್ನಷ್ಟು ಬಲವಾಗಿ ತುಳಿಯುತ್ತಾರೆ. ಕ್ಲಚ್ ಇರುವ ಕಾರಿನಲ್ಲಿ ಎಡಗಾಲು ಕ್ಲಚ್ಚನ್ನೂ ಅದುಮಿಬಿಡುವುದರಿಂದ ಇಂಜಿನ್ ಬರೀ ಕೂಗುತ್ತದೆ, ಗೋಡೆ ಉಳಿಯುತ್ತದೆ.

ಉತ್ತರ 2: ನಿವೃತ್ತ ಇಂಜಿನಿಯರ್, ಕ್ಯಾತ್ಸಂದ್ರ

ಮೇಲಿನವರ ತಾಂತ್ರಿಕ ವಿವರಣೆ ಸರಿಯಾಗಿದೆ, ಆದರೆ ಅವರು ಕಥೆಯನ್ನು 1989ಕ್ಕೇ ನಿಲ್ಲಿಸಿದ್ದಾರೆ. 2009ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೊ ಬಳಿ ಡೀಲರ್ ಎರವಲು ಕೊಟ್ಟಿದ್ದ ಟೊಯೋಟಾ ಕಂಪನಿಯ ಲೆಕ್ಸಸ್ ಕಾರೊಂದು ನಿಯಂತ್ರಣ ತಪ್ಪಿ ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಗಸ್ತಿನ ಪೊಲೀಸ್ ಅಧಿಕಾರಿ. ಅವರಿಗೆ ಓಡಿಸಲು ಬರುತ್ತಿರಲಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೇರೆ ಮಾದರಿಯ ಕಾರಿಗೆ ಸೇರಿದ್ದ ರಬ್ಬರ್ ಮ್ಯಾಟ್ ಆಕ್ಸಿಲರೇಟರ್ ಪೆಡಲನ್ನು ಹಿಡಿದಿಟ್ಟಿತ್ತು. ಆಮೇಲೆ ಮ್ಯಾಟುಗಳಿಗೂ, ಒತ್ತಿದ ಮೇಲೆ ಸಲೀಸಾಗಿ ಮೇಲೇಳದ ಪೆಡಲುಗಳಿಗೂ ಟೊಯೋಟಾ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಈ ದೋಷಗಳ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕಾಗಿ 2014ರಲ್ಲಿ 120 ಕೋಟಿ ಡಾಲರ್ ತೆರಲು ಒಪ್ಪಿತು. ನಾಸಾ ತಜ್ಞರಿಗೆ 2011ರಲ್ಲಿ ಎಲೆಕ್ಟ್ರಾನಿಕ್ ಕಾರಣವೇನೂ ಸಿಗಲಿಲ್ಲವೆಂಬುದು ನಿಜ, ಆದರೆ ಪುರಾವೆ ಸಿಗದ ಮಾತ್ರಕ್ಕೆ ಅದು ಸಂಭವಿಸಲಾರದು ಎಂದಾಗುವುದಿಲ್ಲವೆಂದು ಅವರ ವರದಿಯೇ ಹೇಳಿತು. 2013ರಲ್ಲಿ ಒಕ್ಲಹೋಮಾದ ಜ್ಯೂರಿ ಒಂದು ಟೊಯೋಟಾ ಕ್ಯಾಮ್ರಿ ಕಾರಿನ ಅಪಘಾತದಲ್ಲಿ ತಂತ್ರಾಂಶದ ದೋಷವನ್ನು ಒಪ್ಪಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು.

ಬ್ರೇಕಿನ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಪೆಟ್ರೋಲ್ ಕಾರಿನ ಬ್ರೇಕಿಗೆ ಬಲ ತುಂಬುವ ನಿರ್ವಾತ ಸಾಮಾನ್ಯವಾಗಿ ಇಂಜಿನ್ನಿನಿಂದಲೇ ಬರುತ್ತದೆ, ಥ್ರಾಟಲ್ ಪೂರ್ತಿ ತೆರೆದಾಗ ಅದು ಹೊಸದಾಗಿ ಹುಟ್ಟುವುದಿಲ್ಲ. ಆಗ ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿದರೆ ಉಳಿದಿದ್ದ ನಿರ್ವಾತವೂ ಖರ್ಚಾಗಿ ಪೆಡಲ್ ಕಲ್ಲಾಗುತ್ತದೆ. ಹಾಗಾಗಿ ಮ್ಯಾಟ್ ಸಿಕ್ಕಿಕೊಂಡು ಹೆದ್ದಾರಿಯಲ್ಲಿ ಓಡುತ್ತಿರುವ ಕಾರಿನಲ್ಲಿ ‘ಬ್ರೇಕ್ ಹಿಡಿಯಲಿಲ್ಲ’ ಎನ್ನುವವರು ಸತ್ಯವನ್ನೇ ಹೇಳುತ್ತಿರಬಹುದು. ಬ್ರೇಕನ್ನು ಬಿಡದೆ ಒಂದೇ ಸಮ ತುಳಿದು, ಗೇರನ್ನು ನ್ಯೂಟ್ರಲ್‌ಗೆ ತಳ್ಳುವುದೇ ಪರಿಹಾರ.

ನನ್ನ ತಕರಾರು ಸಂಶಯದ ಬಗ್ಗೆ ಅಲ್ಲ, ಸಂಶಯವನ್ನೇ ತನಿಖೆ ಎಂದುಕೊಳ್ಳುವುದರ ಬಗ್ಗೆ. ದೋಷದ ಕೋಡ್ ಇಲ್ಲವೆಂದಷ್ಟೇ ನೋಡಿ ಕಾರನ್ನು ಹಿಂದಿರುಗಿಸಿದವರು ಮ್ಯಾಟನ್ನು ಎತ್ತಿ ನೋಡಿದರೇ?

ಉತ್ತರ 3: ಲಾರಿ ಮಾಲೀಕ, ಶಿರಾ

ಹಳೆಯ ಡೀಸೆಲ್ ಗಾಡಿ ಓಡಿಸಿದವರು ಈ ವಿಷಯಕ್ಕೆ ನಗುವುದಿಲ್ಲ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಸೀಲ್ ಹೋಗಿ ಇಂಜಿನ್ ಆಯಿಲ್ ಒಳಗೆ ಎಳೆದುಕೊಂಡರೆ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಕಿರುಚುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ, ಗಾಳಿ ಹೋಗುವ ದಾರಿಯನ್ನೇ ಮುಚ್ಚಬೇಕು. ಮೇಷ್ಟ್ರದು ಪೆಟ್ರೋಲ್ ಕಾರಾದ್ದರಿಂದ ಇದು ಅವರಿಗೆ ಅನ್ವಯಿಸದು.

ಪ್ರಶ್ನೆ ಕೇಳಿದವರು

ಎದುರು ಮನೆಯವರ ಕ್ಯಾಮೆರಾದಲ್ಲಿ ಘಟನೆ ಸೆರೆಯಾಗಿದೆ. ಅವರು ಗೋಡೆ ಬೀಳುವುದನ್ನಷ್ಟೇ ನೋಡಿದ್ದಾರೆ. ಅದರಲ್ಲಿ ಬೇರೆ ಏನನ್ನು ಗಮನಿಸಬೇಕು?

ಉತ್ತರ 2ರವರು ಮತ್ತೆ

ಬ್ರೇಕ್ ದೀಪವನ್ನು. ಕಾರಿನ ಮುಂಭಾಗವಷ್ಟೇ ಕಾಣುತ್ತಿದ್ದರೆ, ಕಾರಿನ ಹಿಂದಿರುವ ಮನೆಯ ಗೇಟಿನ ಮೇಲೆ ಕೆಂಪು ಬೆಳಕು ಬಿದ್ದಿದೆಯೇ ಎಂದು ನೋಡಿ. 2024ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಒಂಬತ್ತು ಜನರನ್ನು ಬಲಿತೆಗೆದುಕೊಂಡ ಚಾಲಕನೂ ಕಾರು ತಾನಾಗಿ ಓಡಿತು ಎಂದಿದ್ದ. ಕಾರಿನ ದಾಖಲೆ ಮತ್ತು ಅವನ ಬೂಟಿನ ಅಡಿಯಲ್ಲಿ ಮೂಡಿದ್ದ ಆಕ್ಸಿಲರೇಟರ್ ಪೆಡಲಿನ ಅಚ್ಚು ಬೇರೆಯದನ್ನೇ ಹೇಳಿದವು. ಹಲವು ಕಾರುಗಳಲ್ಲಿ ಏರ್‌ಬ್ಯಾಗ್ ಘಟಕವು ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡುಗಳ ವೇಗ, ಆಕ್ಸಿಲರೇಟರ್ ಮತ್ತು ಬ್ರೇಕಿನ ಸ್ಥಿತಿಯನ್ನು ಉಳಿಸಿಕೊಂಡಿರುತ್ತದೆ. ಮೇಷ್ಟ್ರ ಕಾರಿನಲ್ಲಿ ಅದು ಇದೆಯೇ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿಸಿ, ಉತ್ತರ ಬರುವವರೆಗೆ ರಿಪೇರಿಗೆ ಕೈಹಾಕಲು ಬಿಡಬೇಡಿ. ಕ್ಯಾಮೆರಾ ಹಳೆಯ ದೃಶ್ಯಗಳ ಮೇಲೆಯೇ ಹೊಸದನ್ನು ಬರೆದುಕೊಳ್ಳುವುದರಿಂದ ಮೊದಲು ಆ ತುಣುಕನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.