ನೂರಕ್ಕೆ ಎಪ್ಪತ್ತು ಅಂಕ ಪಡೆದ ಆಟ: ವಿಮರ್ಶಕರ ತೀರ್ಪನ್ನು ಹೇಗೆ ಓದಬೇಕು?

ಪ್ರಶ್ನೆ: ಬಸವನಗುಡಿ ಓದುಗ

ಎಲ್ಲರಿಗೂ ನಮಸ್ಕಾರ. ನಾನು ವರ್ಷಕ್ಕೆ ಮೂರೋ ನಾಲ್ಕೋ ವಿಡಿಯೊ ಗೇಮ್ ಕೊಳ್ಳುವವನು. ಹೊಸದಾಗಿ ಬಂದ ದೊಡ್ಡ ಆಟವೊಂದಕ್ಕೆ ಈಗ ಐದು ಸಾವಿರ ರೂಪಾಯಿಯವರೆಗೂ ತೆರಬೇಕಾಗುವುದರಿಂದ, ಹಣ ಕೊಡುವ ಮುಂಚೆ ನಾಲ್ಕಾರು ವಿಮರ್ಶೆಗಳನ್ನು ಓದದೆ ಮುಂದುವರಿಯುವುದಿಲ್ಲ. 90 ಅಂಕ ಬಂದ ಆಟದ ವಿಷಯದಲ್ಲಿ ನನಗೆ ಗೊಂದಲವಿಲ್ಲ, 30 ಬಂದದ್ದರ ವಿಷಯದಲ್ಲೂ ಇಲ್ಲ. ನನ್ನನ್ನು ಕಾಡುವುದು 60 ರಿಂದ 75 ರ ನಡುವೆ ನಿಂತುಬಿಡುವ ಆಟಗಳು.

ಎರಡು ಅನುಭವಗಳನ್ನು ಹೇಳುತ್ತೇನೆ. ಹಿಂದಿನ ದಸರಾ ರಜೆಯಲ್ಲಿ ಅಕ್ಕನ ಮಗ ಮನೆಗೆ ಬಂದಿದ್ದಾಗ, ಬಹುತೇಕ ಎಲ್ಲರೂ 85 ಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದ ಆಟವೊಂದನ್ನು ಕೊಂಡೆ. ಅದರ ಹೆಸರು ಇಲ್ಲಿ ಬೇಡ. ಮೂರನೆಯ ದಿನ ಬೆಳಿಗ್ಗೆ ಹುಡುಗ ಹಲ್ಲುಜ್ಜುವ ಮೊದಲೇ ಹೋಗಿ ಆಟ ತೆರೆದರೆ, ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ ಕೆಟ್ಟುಹೋಗಿ ಹನ್ನೊಂದು ಗಂಟೆಗಳ ಆಟವೆಲ್ಲ ಅಳಿಸಿಹೋಗಿತ್ತು. ಅವನು ಅಳಲಿಲ್ಲ, ಆದರೆ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಮತ್ತೆ ಆ ಆಟದ ಹೆಸರೆತ್ತಲಿಲ್ಲ. ನಾನು ಓದಿದ್ದ ಒಂದು ವಿಮರ್ಶೆಯಲ್ಲೂ ಇದರ ಸುಳಿವಿರಲಿಲ್ಲ.

ಇದಕ್ಕೆ ವಿರುದ್ಧವಾದದ್ದು 2015 ರಲ್ಲಿ ಬಂದ ‘ಮ್ಯಾಡ್ ಮ್ಯಾಕ್ಸ್’ ಆಟ. 70 ರ ಆಸುಪಾಸಿನ ಅಂಕ ಪಡೆದಿದ್ದ ಅದನ್ನು ರಿಯಾಯಿತಿ ದರದಲ್ಲಿ ಸಿಕ್ಕಿತೆಂದು ಕೊಂಡೆ. ಒಂದೇ ಬಗೆಯ ಕೆಲಸಗಳನ್ನು ಮತ್ತೆ ಮತ್ತೆ ಮಾಡಿಸುತ್ತದೆ ಎಂಬ ವಿಮರ್ಶಕರ ದೂರು ನಿಜವೇ ಆಗಿತ್ತು. ಆದರೆ ಮರುಭೂಮಿಯಲ್ಲಿ ಕಾರು ಓಡಿಸುತ್ತಿರುವಾಗ ದೂರದಲ್ಲಿ ಕಂದು ಗೋಡೆಯಂತೆ ಧೂಳಿನ ಬಿರುಗಾಳಿ ಎದ್ದು ಬಂದು, ತಗಡಿನ ಹಾಳೆಗಳು ಗಾಜಿನ ಮುಂದೆಯೇ ಹಾರಿಹೋಗುವ ಆ ಕೆಲವು ನಿಮಿಷಗಳಿಗೆ ಸಮನಾದದ್ದನ್ನು ನಾನು ಹೆಚ್ಚು ಅಂಕದ ಅನೇಕ ಆಟಗಳಲ್ಲಿ ಕಂಡಿಲ್ಲ. ಎದುರಾಳಿಯ ವಾಹನದ ಚಕ್ರಕ್ಕೆ ಈಟಿ ಎಸೆದು, ಸರಪಳಿಯಿಂದ ಜಗ್ಗಿ ಕೀಳುವಾಗ ಕೈಗೆ ಸಿಗುವ ತೃಪ್ತಿಯೂ ಅಂಥದ್ದೇ.

ಹಾಗಾದರೆ ‘ಸಾಧಾರಣ’ ಎಂಬ ತೀರ್ಪಿನ ಅರ್ಥವೇನು? ಅದನ್ನು ಓದುವ ಕ್ರಮ ಯಾವುದು? ಇನ್ನೊಂದು ಸಂದೇಹವೂ ಇದೆ: ಪುಣೆಯವರ ‘ರಾಜಿ’ಯಂತಹ, ನಮ್ಮ ದೇಶದಲ್ಲಿಯೇ ತಯಾರಾದ ಆಟಗಳನ್ನು ತೂಗುವಾಗ ತಕ್ಕಡಿಯನ್ನು ಸ್ವಲ್ಪ ವಾಲಿಸುವುದು ಸರಿಯೇ?

ಉತ್ತರ 1: ಟೆಸ್ಟಿಂಗ್ ವಿಭಾಗದವನು, ಹೆಬ್ಬಾಳ

ನಾನು ಇದೇ ಊರಿನಲ್ಲಿ ಆಟಗಳನ್ನು ತಯಾರಿಸುವ ಸಂಸ್ಥೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದಿನವಿಡೀ ದೋಷಗಳನ್ನು ಹುಡುಕಿ ಬರೆದಿಡುವುದೇ ನನ್ನ ಕೆಲಸವಾದ್ದರಿಂದ, ನಿಮ್ಮ ಪ್ರಶ್ನೆಗೆ ಆ ಕಡೆಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ.

ನಾವು ಬಗ್ ಒಂದನ್ನು ದಾಖಲಿಸುವಾಗ ಅದು ಎಷ್ಟು ತೀವ್ರವಾದದ್ದು ಎಂಬುದನ್ನೂ, ಅದನ್ನು ಎಷ್ಟು ಬೇಗ ಸರಿಪಡಿಸಬೇಕು ಎಂಬುದನ್ನೂ ಬೇರೆಬೇರೆಯಾಗಿ ಬರೆಯುತ್ತೇವೆ. ಆಟ ನಡುವೆಯೇ ನಿಂತುಹೋಗುವುದು ಅಥವಾ ನಿಮಗಾದಂತೆ ಸೇವ್ ಅಳಿಸಿಹೋಗುವುದು ಅತ್ಯಂತ ತೀವ್ರವಾದ ದೋಷ. ಪಾತ್ರದ ಮೊಣಕೈ ಗೋಡೆಯೊಳಗೆ ತೂರಿದಂತೆ ಕಾಣುವುದು ಕೊನೆಯ ದರ್ಜೆಯದು. ಆದರೆ ನಮ್ಮ ಈ ಪಟ್ಟಿಗೆ ಎಂದಿಗೂ ಸೇರದ ಇನ್ನೊಂದು ಜಾತಿಯ ದೋಷವಿದೆ. ಒಂದೇ ಬಗೆಯ ಶಿಬಿರವನ್ನು ನಲವತ್ತು ಸಲ ವಶಪಡಿಸಿಕೊಳ್ಳಬೇಕೆಂದು ಆಟ ಕೇಳಿದರೆ ಅದನ್ನು ಬಗ್ ಎಂದು ಬರೆಯಲು ಬರುವುದಿಲ್ಲ, ಏಕೆಂದರೆ ತಂಡ ಅದನ್ನು ಹಾಗೆಯೇ ಇರಲೆಂದು ಮಾಡಿರುತ್ತದೆ. ಮೊದಲನೆಯದು ಕೆಲಸದಲ್ಲಿ ಉಳಿದ ದೋಷ, ಎರಡನೆಯದು ಕಲ್ಪನೆಯಲ್ಲಿಯೇ ಇದ್ದ ದೋಷ. ಬಿಡುಗಡೆಯ ನಂತರ ಕಳಿಸುವ ತಿದ್ದುಪಡಿಗಳು, ಅಂದರೆ ಪ್ಯಾಚ್‌ಗಳು, ಮೊದಲನೆಯದನ್ನು ಬಹುಮಟ್ಟಿಗೆ ಗುಣಪಡಿಸುತ್ತವೆ, ಎರಡನೆಯದನ್ನು ಅಪರೂಪಕ್ಕೆ ಮಾತ್ರ. 70 ಎಂಬ ಅಂಕದಲ್ಲಿ ಇವೆರಡೂ ಕರಗಿ ಒಂದಾಗಿಬಿಡುವುದೇ ನಿಮ್ಮ ಗೊಂದಲಕ್ಕೆ ಮೂಲ.

ಅಪರೂಪಕ್ಕೆ ಎಂದೆನಲ್ಲ, ಅದಕ್ಕೆ ‘ನೋ ಮ್ಯಾನ್ಸ್ ಸ್ಕೈ’ ಸಾಕ್ಷಿ. 2016 ರ ಆಗಸ್ಟ್‌ನಲ್ಲಿ ಅದು ಬಂದಾಗ ಕೋಟ್ಯಂತರ ಗ್ರಹಗಳಿದ್ದವು, ಆದರೆ ಅವುಗಳ ಮೇಲೆ ಮಾಡಲು ಸಾಕಷ್ಟು ಕೆಲಸವಿರಲಿಲ್ಲ. ಅಂದಿನ ವಿಮರ್ಶಕರು ಅದನ್ನೇ ಹೇಳಿದರು. ಇತರ ಆಟಗಾರರೊಡನೆ ಸರಿಯಾಗಿ ಕೂಡಿ ಆಡುವ ಅವಕಾಶ 2018 ರ ‘ನೆಕ್ಸ್ಟ್’ ಅಪ್‌ಡೇಟ್‌ನೊಂದಿಗೆ ಬಂತು. ಇಂಗ್ಲೆಂಡಿನ ಆ ಪುಟ್ಟ ತಂಡ ಪಟ್ಟುಬಿಡದೆ ವರ್ಷಗಟ್ಟಲೆ ದುಡಿದು ಆಟದ ಕಲ್ಪನೆಯನ್ನೇ ಬೆಳೆಸಿತು. ಹಾಗೆಂದು 2016 ರ ವಿಮರ್ಶೆಗಳು ತಪ್ಪೆಂದಾಗುವುದಿಲ್ಲ. ಅವು ಆ ದಿನ ಇದ್ದ ಆಟದ ಮೇಲಿನ ತೀರ್ಪುಗಳು. ಆದ್ದರಿಂದ ಹಳೆಯ ವಿಮರ್ಶೆಯನ್ನು ಓದುವಾಗ ದಿನಾಂಕವನ್ನು ಮೊದಲು ನೋಡಿ, ಅದರಲ್ಲಿ ಹೇಳಿರುವ ದೋಷ ಯಾವ ಜಾತಿಯದು ಎಂಬುದನ್ನು ಆಮೇಲೆ ನೋಡಿ.

ಸೇವ್ ಫೈಲಿನ ದೋಷ ವಿಮರ್ಶಕರ ಕಣ್ಣಿಗೆ ಬೀಳದಿರುವುದು ಆಶ್ಚರ್ಯವೇನಲ್ಲ. ಬಿಡುಗಡೆಗೆ ಕೆಲವು ದಿನಗಳಿರುವಾಗ ಅವರಿಗೆ ಪ್ರತಿ ಸಿಗುತ್ತದೆ. ಒಂದೇ ಯಂತ್ರದಲ್ಲಿ, ನಿದ್ದೆಗೆಟ್ಟು, ನಿಗದಿತ ಗಂಟೆಗೆ ಬರಹ ಪ್ರಕಟವಾಗಲೆಂದು ಅವರು ಆಡಿ ಮುಗಿಸುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ, ಆದರೆ ಆಟದ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ದೋಷವನ್ನು ನಾವು ಮೂವತ್ತು ಜನ ತಿಂಗಳುಗಟ್ಟಲೆ ಕುಳಿತರೂ ಹಿಡಿಯಲಾಗದೆ ಹೋಗಿರುವುದುಂಟು. ನಿಮ್ಮ ಅಕ್ಕನ ಮಗನ ಬಗ್ಗೆ ಓದಿದಾಗ ನನಗೆ ನಿಜವಾಗಿಯೂ ನೋವಾಯಿತು. ಅಂಥ ಒಂದೊಂದು ದೋಷದ ಹಿಂದೆಯೂ ಒಬ್ಬ ಆಟಗಾರನಿರುತ್ತಾನೆ ಎಂಬುದನ್ನು ನಮ್ಮ ವಿಭಾಗದಲ್ಲಿ ನಾವು ಮರೆಯಬಾರದು.

ಉತ್ತರ 2: ರಾಜಾಜಿನಗರ 2ನೇ ಬ್ಲಾಕ್

ಮೇಲಿನ ಉತ್ತರದಲ್ಲಿ ಮಾಡಿರುವ ವಿಂಗಡಣೆಯನ್ನು ಒಪ್ಪುತ್ತೇನೆ, ಆದರೆ ಅಂಕವನ್ನು ದೋಷಿಯೆಂದು ಕಾಣುವುದನ್ನು ಒಪ್ಪಲಾರೆ. ಅಂಕಗಳನ್ನು ಕೈಬಿಟ್ಟು ನೋಡಿದವರೂ ಇದ್ದಾರೆ. ಬ್ರಿಟನ್ನಿನ ಗೇಮ್ ವಿಮರ್ಶೆಯ ತಾಣ ಯೂರೋಗೇಮರ್ 2015 ರಲ್ಲಿ ಹತ್ತರ ಅಂಕಗಳನ್ನು ನಿಲ್ಲಿಸಿ, ಶಿಫಾರಸು ಮಾಡುವ ಅಥವಾ ದೂರವಿರಿ ಎನ್ನುವ ಮುದ್ರೆಗಳನ್ನು ಬಳಸತೊಡಗಿತು; 2023 ರಲ್ಲಿ ಐದು ನಕ್ಷತ್ರಗಳ ಪದ್ಧತಿಗೆ ಬಂತು. ಓದುಗರಿಗೆ ಒಂದು ಅಳತೆಗೋಲು ಬೇಕೇ ಬೇಕು.

ಅಳತೆಗೋಲಿನ ಗುರುತುಗಳನ್ನು ಎಲ್ಲಿ ಹಾಕಿದ್ದಾರೆ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಹಲವು ವಿಮರ್ಶಕರ ಅಂಕಗಳನ್ನು ಕೂಡಿಸಿ ನೂರಕ್ಕೆ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಚಲನಚಿತ್ರವೊಂದಕ್ಕೆ 61 ಬಂದರೆ ಸಾಕು, ಹಸಿರು ಬಣ್ಣ ಸಿಗುತ್ತದೆ. ವಿಡಿಯೊ ಗೇಮ್‌ಗೆ ಹಸಿರು ಸಿಗಬೇಕಾದರೆ 75 ಬರಬೇಕು. 50 ರಿಂದ 74 ರವರೆಗೆ ಹಳದಿ. ಎಂದರೆ 70 ಬಂದ ಚಿತ್ರ ‘ಚೆನ್ನಾಗಿದೆ’ ಎನಿಸಿಕೊಳ್ಳುವ ಕಡೆಯಲ್ಲಿಯೇ 70 ಬಂದ ಆಟ ‘ಅಷ್ಟಕ್ಕಷ್ಟೇ’ ಎನಿಸಿಕೊಳ್ಳುತ್ತದೆ. ಆಟಗಳ ವಿಮರ್ಶಕರು 7 ಕ್ಕಿಂತ ಕೆಳಗಿನ ಅಂಕಗಳನ್ನು ಬಹಳ ಕಾಲದಿಂದ ಕೈಬಿಗಿಹಿಡಿದು ಬಳಸುತ್ತಿರುವುದರ ಫಲವಿದು ಎಂಬುದು ನನ್ನ ಅಭಿಪ್ರಾಯ. 35 ಬಂದರೆ ಪಾಸು ಎಂಬ ಲೆಕ್ಕದಲ್ಲಿ ಬೆಳೆದ ನಮಗೆ 70 ಪ್ರಥಮ ದರ್ಜೆಯಂತೆ ಕಾಣುತ್ತದೆ. ಆ ಕಣ್ಣಿನಿಂದ ಈ ಅಂಕಗಳನ್ನು ಓದಬಾರದು.

ಈ ಅಂಕಗಳು ಬರಿಯ ಓದುಗರ ಅನುಕೂಲಕ್ಕೆ ಮಾತ್ರ ಉಳಿದಿಲ್ಲ ಎಂಬುದು ಇನ್ನೂ ಗಂಭೀರವಾದ ಸಂಗತಿ. 2010 ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೆಗಾಸ್’ ಆಟವನ್ನು ತಯಾರಿಸಿದ ಅಬ್ಸಿಡಿಯನ್ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದಿದ್ದರೆ ಬೋನಸ್ ಸಿಗುತ್ತಿತ್ತು, ಬಂದದ್ದು 84. ಇದನ್ನು ಆ ತಂಡದ ಹಿರಿಯರೊಬ್ಬರೇ 2012 ರಲ್ಲಿ ಬಹಿರಂಗವಾಗಿ ಹೇಳಿದರು. ಬಗ್‌ಗಳಿಂದ ತುಂಬಿ ಬಂದಿದ್ದ ಆ ಆಟವನ್ನು ಇಂದು ಪಾತ್ರಾಭಿನಯದ ಆಟಗಳಲ್ಲಿ ಶ್ರೇಷ್ಠವೆಂದು ಎಣಿಸುವವರು ಬಹಳ ಜನ.

ಆದರೂ ಮೊದಲ ದಿನದ ದೋಷಗಳಿಗೆ ವಿಮರ್ಶಕರು ದಾಕ್ಷಿಣ್ಯ ತೋರಬಾರದು. ‘ಸೈಬರ್‌ಪಂಕ್ 2077’ ಬಿಡುಗಡೆಯಾದದ್ದು 2020 ರ ಡಿಸೆಂಬರ್ 10 ರಂದು. ಅದಕ್ಕೂ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ, ಅವರು ಕೊಟ್ಟ ದೊಡ್ಡ ಅಂಕಗಳೆಲ್ಲ ಅದಕ್ಕೆ ಸಂದವು. ಹಳೆಯ ಪ್ಲೇಸ್ಟೇಷನ್ 4 ರಲ್ಲಿ ಆಡಲು ಕೂತವರಿಗೆ ಸಿಕ್ಕಿದ್ದು ಬೇರೆಯೇ ಸ್ಥಿತಿಯ ಆಟ. ಒಂದೇ ವಾರದಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು, ಮತ್ತೆ ಮಾರಾಟಕ್ಕೆ ಇಟ್ಟದ್ದು 2021 ರ ಜೂನ್‌ನಲ್ಲಿ. 2023 ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಅಪ್‌ಡೇಟ್ ನಂತರ ಆಟ ಬಹಳ ಸುಧಾರಿಸಿದೆ ಎಂಬುದನ್ನು ಸಂತೋಷದಿಂದ ಒಪ್ಪುತ್ತೇನೆ, ಆದರೆ ಮೊದಲ ದಿನ ಪೂರ್ತಿ ಹಣ ಕೊಟ್ಟವನಿಗೆ ಮೂರು ವರ್ಷದ ನಂತರದ ಸುಧಾರಣೆಯಿಂದ ನ್ಯಾಯ ಸಿಗುವುದಿಲ್ಲ. ಆದ್ದರಿಂದ ವಿಮರ್ಶೆಯಲ್ಲಿ ಯಾವ ಯಂತ್ರದ ಮೇಲೆ ಆಡಿದ್ದಾರೆ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಆ ಅಂಕವನ್ನು ನಂಬಿ ಹಣ ಕೊಡಬೇಡಿ.

ಉತ್ತರ 3: ಚಾಮರಾಜಪೇಟೆಯಿಂದ

‘ರಾಜಿ’ಯ ಬಗ್ಗೆ ಕೇಳಿದ್ದರಿಂದ ಬರೆಯುತ್ತಿದ್ದೇನೆ, ಆ ಆಟವನ್ನು ಎರಡು ಬಾರಿ ಮುಗಿಸಿದ್ದೇನೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿ 2020 ರಲ್ಲಿ ಹೊರತಂದ ಈ ಆಟದಲ್ಲಿ, ರಾಜಿ ಎಂಬ ಹುಡುಗಿ ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕುತ್ತಾ ಹೋಗುತ್ತಾಳೆ. ಕಥೆಯ ಭಾಗಗಳನ್ನು ನೆರಳುಗೊಂಬೆಗಳಿಂದ ತೋರಿಸಿದ್ದಾರೆ. ಚಿಕ್ಕಂದಿನಲ್ಲಿ ಊರ ಜಾತ್ರೆಯಲ್ಲಿ ತೊಗಲುಗೊಂಬೆಯಾಟ ನೋಡಿದ್ದ ನನಗೆ, ಪರದೆಯ ಹಿಂದಿನ ಬೆಳಕಿನಲ್ಲಿ ಆ ಗೊಂಬೆಯ ಕೈ ಕೀಲು ತಿರುಗುವುದನ್ನು ಟಿವಿಯಲ್ಲಿ ಕಂಡಾಗ ಕಣ್ಣು ತುಂಬಿಬಂತು. ರಾಜಸ್ಥಾನದ ಕೋಟೆಗಳನ್ನು ನೆನಪಿಸುವ ಕಟ್ಟಡಗಳ ಗೋಡೆಗಳ ಮೇಲಿನ ಚಿತ್ರಗಳ ಮುಂದೆ ನಿಂತು ಕಥೆ ಕೇಳುವ ಅವಕಾಶವೂ ಇದೆ. ಇವೆಲ್ಲವನ್ನೂ ವಿದೇಶದ ವಿಮರ್ಶಕರೂ ಮನಸಾರೆ ಮೆಚ್ಚಿದರು.

ಆದರೆ ಈ ಆಟದಲ್ಲಿ ಕ್ಯಾಮೆರಾ ನಮ್ಮ ಕೈಯಲ್ಲಿಲ್ಲ. ಅದು ಒಂದು ಎತ್ತರದಲ್ಲಿ ನಿಂತು ನೋಡುತ್ತದೆ. ಹಾರಬೇಕಾದ ಕಟ್ಟೆ ಎಷ್ಟು ಹಿಂದಿದೆ ಎಂದು ಅಂದಾಜು ಸಿಗದೆ ರಾಜಿ ಕೆಳಗೆ ಬೀಳುತ್ತಾಳೆ, ಮತ್ತೆ ಹಾರಿದರೂ ಮತ್ತೆ ಬೀಳುತ್ತಾಳೆ. ಹಲವು ಅಸುರರು ಒಮ್ಮೆಲೇ ಮುತ್ತಿದಾಗ ತ್ರಿಶೂಲದ ಹೊಡೆತ ಮುಗಿಯುವವರೆಗೆ ಅವಳನ್ನು ಪಕ್ಕಕ್ಕೆ ಸರಿಸಲಾಗದೆ ಪರದಾಡಬೇಕಾಗುತ್ತದೆ. ಕೊನೆಯಂತೂ ಹರಿಕಥೆಯ ನಡುವೆ ದೀಪ ಆರಿಸಿದಂತೆ ಥಟ್ಟನೆ ಮುಗಿಯುತ್ತದೆ. ಮೊದಲ ಉತ್ತರ ಬರೆದವರ ವಿಂಗಡಣೆಯಲ್ಲಿ ಇವು ಬಗ್‌ಗಳಲ್ಲ, ಕಲ್ಪನೆಯ ಮತ್ತು ಸಂಪನ್ಮೂಲದ ಮಿತಿಗಳು. 2017 ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೂಡಿಸುವ ಪ್ರಯತ್ನ ಸೋತ ಮೇಲೂ ಆ ತಂಡ ಕೆಲಸ ಬಿಡಲಿಲ್ಲ ಎಂಬುದು ಓದುಗರಿಗೆ ತಿಳಿದಿರಬೇಕು, ಆದರೆ ಆ ಕಾರಣಕ್ಕೆ ಅಂಕ ಏರಬಾರದು. ನಮ್ಮವರೆಂದು ತಪ್ಪನ್ನು ಮುಚ್ಚಿಟ್ಟರೆ ಮುಂದಿನ ಆಟದಲ್ಲಿ ಕ್ಯಾಮೆರಾ ಅಲ್ಲೇ ನಿಂತಿರುತ್ತದೆ.

ನಮ್ಮ ಬಡಾವಣೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಗೆ ನಡೆಯುವ ಕಚೇರಿಗಳನ್ನು ಕೇಳಿ ಬೆಳೆದವಳು ನಾನು. ಹಿರಿಯ ಕೇಳುಗರು ಎದ್ದು ಮನೆಗೆ ನಡೆಯುವಾಗ ‘ಇಂದು ಕಂಠ ಕೈಕೊಟ್ಟಿತು, ಆದರೆ ಕಲ್ಯಾಣಿ ರಾಗದ ವಿಸ್ತಾರ ಮರೆಯಲಾಗದು’ ಎನ್ನುತ್ತಿದ್ದರು. ಕೊರತೆಯನ್ನೂ ಸಾಧನೆಯನ್ನೂ ಅವರು ಒಂದರೊಳಗೊಂದು ಬೆರೆಸಿ ಸರಾಸರಿ ತೆಗೆಯುತ್ತಿರಲಿಲ್ಲ. ಸರಾಸರಿಯ ಅಪಾಯ ತಿಳಿಯಬೇಕಾದರೆ 2010 ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಜಪಾನಿನ ‘ಡೆಡ್ಲಿ ಪ್ರೆಮೊನಿಷನ್’ ಆಟವನ್ನು ನೋಡಿ. ವಿಮರ್ಶೆಯ ತಾಣಗಳಲ್ಲಿ ಐಜಿಎನ್ ಅದಕ್ಕೆ ಹತ್ತಕ್ಕೆ 2 ಕೊಟ್ಟಿತು, ಡಿಸ್ಟ್ರಕ್ಟಾಯ್ಡ್ ಹತ್ತಕ್ಕೆ 10 ಕೊಟ್ಟಿತು. ಹಳತಾದ ಚಿತ್ರಣವೂ ತೊಡಕಿನ ನಿಯಂತ್ರಣವೂ ಎಲ್ಲರಿಗೂ ಕಾಣುವಂತೆಯೇ ಇದ್ದವು. ಕಾಫಿಯ ಬಟ್ಟಲಿನಲ್ಲಿ ಭವಿಷ್ಯ ಓದುವ, ಕಾಣದ ಗೆಳೆಯನೊಡನೆ ಮಾತನಾಡುವ ಆ ಪತ್ತೇದಾರನ ಕಥೆಗೆ ಎಷ್ಟು ತೂಕ ಕೊಡಬೇಕು ಎಂಬಲ್ಲಿ ದಾರಿಗಳು ಬೇರೆಯಾದವು. ಇವೆರಡರ ಸರಾಸರಿ 6. ಆ ಆಟ 6 ಎಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ.

ಪ್ರಶ್ನೆ ಕೇಳಿದವರಿಂದ: ಬಸವನಗುಡಿ ಓದುಗ

ಮೂವರಿಗೂ ಕೃತಜ್ಞತೆಗಳು. ಚಲನಚಿತ್ರಕ್ಕೂ ಆಟಕ್ಕೂ ಬಣ್ಣದ ಗೆರೆ ಬೇರೆಯಿದೆ ಎಂಬುದು ನನಗೆ ಹೊಸ ವಿಷಯ. ‘ರಾಜಿ’ಯನ್ನು ಈ ವಾರವೇ ತೆಗೆದುಕೊಳ್ಳುತ್ತೇನೆ, ಬೀಳುವ ಜಾಗಗಳು ಮೊದಲೇ ತಿಳಿದಿರುವುದರಿಂದ ಬೇಸರವಾಗದು. ಒಂದೇ ಒಂದು ಮಾತು ಉಳಿದಿದೆ. 2019 ರ ‘ಡೇಸ್ ಗಾನ್’ ಕೂಡ 70 ರ ಆಸುಪಾಸಿನದು, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಗಾಗ ರಿಯಾಯಿತಿಗೆ ಬರುತ್ತದೆ. ಅದನ್ನು ಹೇಗೆ ಓದಲಿ?

ಉತ್ತರ 4: ಟೆಸ್ಟಿಂಗ್ ವಿಭಾಗದವನು, ಹೆಬ್ಬಾಳ

ಆ ಆಟದ ಅಂದಿನ ವಿಮರ್ಶೆಗಳಲ್ಲಿ ಎರಡೂ ಜಾತಿಯ ದೂರುಗಳಿವೆ. ಫ್ರೇಮ್ ರೇಟ್ ಕುಸಿದು ದೃಶ್ಯ ತಡವರಿಸುತ್ತದೆ, ಬಗ್‌ಗಳಿವೆ ಎಂಬುದು ಪ್ಲೇಸ್ಟೇಷನ್ 4 ರ ಮೊದಲ ವಾರಗಳ ಮಾತು. 2021 ರ ಮೇ ತಿಂಗಳಲ್ಲಿ ಬಂದ ಕಂಪ್ಯೂಟರ್ ಆವೃತ್ತಿಯಲ್ಲಿ ನನಗೆ ಅವು ಎದುರಾಗಲಿಲ್ಲ. ಆರಂಭ ನಿಧಾನ, ಕೆಲಸಗಳು ಒಂದರಂತೆ ಒಂದು ಎಂಬ ದೂರು ಇಂದಿಗೂ ನಿಜ, ಅದು ಬದಲಾಗುವುದಿಲ್ಲ. ಅದರ ಎದುರು ನೀವು ಇಡಬೇಕಾದದ್ದು ಬೈಕಿಗೆ ಪೆಟ್ರೋಲ್ ಎಲ್ಲಿ ಸಿಕ್ಕೀತು ಎಂಬ ಸದಾ ಇರುವ ಚಿಂತೆ, ಮತ್ತು ಹಳೆಯ ಸಾಮಿಲ್‌ನ ಬಳಿ ಫ್ರೀಕರ್ ಎಂಬ ಜಾಂಬಿಯಂಥ ಜೀವಿಗಳು ನೂರಾರು ಸಂಖ್ಯೆಯಲ್ಲಿ ಒಮ್ಮೆಲೇ ಅಟ್ಟಿಸಿಕೊಂಡು ಬರುವ ರಾತ್ರಿ. ‘ಮ್ಯಾಡ್ ಮ್ಯಾಕ್ಸ್’ನ ಬಿರುಗಾಳಿಯನ್ನು ನೆನಪಿಟ್ಟುಕೊಂಡಿರುವ ನಿಮಗೆ ಇದು ಹಿಡಿಸುತ್ತದೆ ಎಂದು ನನಗನ್ನಿಸುತ್ತದೆ.

ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುತ್ತಾರೆ. ಆ ಎರಡು ಗಂಟೆಗಳಲ್ಲಿ ಆಟ ನಿಮ್ಮ ಯಂತ್ರದಲ್ಲಿ ತಡವರಿಸದೆ ಓಡುತ್ತದೆಯೇ ಎಂಬುದನ್ನಷ್ಟೇ ನೋಡಿ, ಆಟ ಹೇಗಿದೆ ಎಂದು ಆಗಲೇ ತೀರ್ಮಾನಿಸಬೇಡಿ. ಸಾಮಿಲ್ ಬರುವುದು ಬಹಳ ತಡವಾಗಿ. ಅಕ್ಕನ ಮಗನ ಕೈಗೆ ಮಾತ್ರ ಇದನ್ನು ಕೊಡಬೇಡಿ, ಇದು ದೊಡ್ಡವರ ಆಟ. ಮತ್ತು ಈ ಬಾರಿ ಒಂದೇ ಸೇವ್‌ನ ಮೇಲೆ ಭಾರ ಹಾಕದೆ, ದಿನದ ಕೊನೆಗೆ ಬೇರೆ ಸ್ಲಾಟ್‌ನಲ್ಲಿ ಇನ್ನೊಂದು ಸೇವ್ ಮಾಡಿಟ್ಟುಕೊಳ್ಳಿ.